ಹಬ್ಬದ ಎಲೆ, ಎಣ್ಣೆಯ ಕೈ

ನಮ್ಮ ಚಿಕ್ಕೋಡಿ, ನಿಪ್ಪಾಣಿಗಳ ಕಡೆಗೆ ದೀಪಾವಳಿಯು ಊಟದಿಂದ ಆರಂಭವಾಗುವುದಿಲ್ಲ, ಎಣ್ಣೆಯಿಂದ ಆರಂಭವಾಗುತ್ತದೆ. ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ ನೀರು ತುಂಬುವರು. ಮರುದಿನ ನಸುಕಿನಲ್ಲಿ ಮನೆಯ ಹಿರಿಯಳು ಒಬ್ಬೊಬ್ಬರನ್ನೇ ಮಣೆಯ ಮೇಲೆ ಕುಳ್ಳಿರಿಸಿ, ನೆತ್ತಿಗೆ ಎಣ್ಣೆಯೊತ್ತಿ, ಬೆನ್ನು ತೋಳುಗಳನ್ನು ತಿಕ್ಕಿ, ಬಿಸಿನೀರು ಎರೆಯುವಳು. ಅನಂತರ ಆರತಿ. ಆರತಿಯಾದ ಮೇಲೆಯೇ ಚಕ್ಕುಲಿ, ಕರ್ಚಿಕಾಯಿ, ಶಂಕರಪಾಳಿಗಳ ತಾಟು ಮುಂದೆ ಬರುವುದು. ತಿಕ್ಕುವ ಕೈ ಮೊದಲು, ಉಣ್ಣುವ ಎಲೆ ಆಮೇಲೆ. ಈ ಕ್ರಮವನ್ನು ತಾವೆಲ್ಲರೂ ಕಂಡವರೇ. ಇದು ತಲೆಕೆಳಗಾದಾಗ ಆಗುವ ಅನಾಹುತವನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ.

ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದು ಹೇಳಿ, ತಲೆ, ಕಿವಿ, ಅಂಗಾಲುಗಳನ್ನು ವಿಶೇಷವಾಗಿ ಹೆಸರಿಸುತ್ತಾನೆ. ಆದರೆ ಅದರ ಬೆನ್ನಲ್ಲೇ ಯಾರಿಗೆ ಅಭ್ಯಂಗ ಸಲ್ಲದೆಂಬುದನ್ನೂ ಹೇಳುತ್ತಾನೆ: ಕಫ ಕೆರಳಿದವರಿಗೆ, ಆಗತಾನೆ ಶೋಧನ ಮಾಡಿಸಿಕೊಂಡವರಿಗೆ, ಅಜೀರ್ಣವಾದವರಿಗೆ. ಈ ಮೂರನೆಯ ಮಾತು ಹಬ್ಬದ ಮನೆಗೆ ಹೇಳಿ ಮಾಡಿಸಿದಂತಿದೆ. ಹೊಟ್ಟೆಯ ಅರ್ಧವನ್ನು ಅನ್ನದಿಂದಲೂ ಕಾಲುಭಾಗವನ್ನು ದ್ರವದಿಂದಲೂ ತುಂಬಿ, ಉಳಿದ ಕಾಲನ್ನು ವಾಯುವಿಗೆ ಬಿಡಬೇಕೆಂದವನೂ ಅವನೇ. ಎಲೆಯ ತುದಿಯಲ್ಲಿ ನಾಲ್ಕನೆಯ ಹೋಳಿಗೆ ಬಿದ್ದಾಗ ಆ ಕಾಲುಭಾಗದ ನೆನಪು ಯಾರಿಗೂ ಇರುವುದಿಲ್ಲವೆಂಬುದು ಬೇರೆ ಮಾತು.

ಊಟವೂ ಮೈಯ ಆರೈಕೆಯೂ ಒಂದೇ ವಿದ್ಯೆಯ ಎರಡು ಮಗ್ಗುಲೆಂದು ನಮ್ಮ ಹಿಂದಿನವರು ತಿಳಿದಿದ್ದರು. ೧೧ನೆಯ ಶತಮಾನದ ಚಾವುಂಡರಾಯನ ಕನ್ನಡ ಗ್ರಂಥ ಲೋಕೋಪಕಾರದಲ್ಲಿ ಅಡುಗೆಯೂ ಇದೆ, ವೈದ್ಯವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ೧೨ನೆಯ ಶತಮಾನದ್ದು. ಅಲ್ಲಿ ಅನ್ನಭೋಗವಿದೆ, ಪಾದಾಭ್ಯಂಗವಿದೆ, ಮಲ್ಲರ ಕಾಳಗವೂ ಇದೆ. ಅದರಲ್ಲಿ ಬರುವ 'ಮಂಡಕ'ವೆಂಬ ಭಕ್ಷ್ಯದ ಹೆಸರನ್ನು ಓದಿದಾಗ ನಮ್ಮ ಬೆಳಗಾವಿಯ ಮಂಡಿಗೆ ಕಣ್ಣಮುಂದೆ ಬರುತ್ತದೆ.

ಹಳೆಯ ಹಬ್ಬಗಳಲ್ಲಿ ಸಿಹಿಯೊಂದಿಗೆ ಶ್ರಮವೂ ಇತ್ತು. ನಾಗರಪಂಚಮಿಗೆ ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ಇದ್ದವು. ಜೊತೆಗೆ ಮರಮರಕ್ಕೆ ಜೋಕಾಲಿಯೂ ಇತ್ತು. ಎಳ್ಳಮಾವಾಸ್ಯೆಗೆ ಹೋಳಿಗೆ, ಕಡಬು, ಸಜ್ಜೆರೊಟ್ಟಿ, ಪುಂಡಿಪಲ್ಯದ ಬುತ್ತಿಯನ್ನು ಹೊತ್ತು ಹೊಲಕ್ಕೆ ನಡೆದು, ಚರಗ ಚೆಲ್ಲಿ, ಬಿಸಿಲು ಗಾಳಿಯಲ್ಲಿ ಕುಳಿತು ಉಣ್ಣುತ್ತಿದ್ದೆವು. ಇಂದು ಬುತ್ತಿ ಉಳಿದಿದೆ, ನಡಿಗೆ ಹೋಗಿದೆ. ಹೋಳಿಗೆಯನ್ನು ಬಿಡಿರೆಂದು ನಾನು ಹೇಳಲಾರೆ. ಹೇಳಿದರೂ ತಾವು ಕೇಳಲಾರಿರಿ. ಕೋಸಂಬರಿ, ಪಲ್ಯ, ಕಟ್ಟಿನ ಸಾರುಗಳನ್ನು ಮೊದಲು ಉಂಡು, ಹೋಳಿಗೆಯನ್ನು ಆಮೇಲೆ ಹಾಕಿಸಿಕೊಂಡರೆ ಎರಡಕ್ಕೇ ತೃಪ್ತಿಯಾಗುತ್ತದೆ. ಚಕ್ಕುಲಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ಉಂಡ ಕೂಡಲೆ ಅಡ್ಡಾಗದೆ ಅಂಗಳದಲ್ಲಿ ಹತ್ತು ನಿಮಿಷ ತಿರುಗಾಡಿರಿ. ನಮ್ಮ ಕಡೆ ಕಬ್ಬು ಹೆಚ್ಚು, ಬೆಲ್ಲದ ಮೇಲೆ ಅಭಿಮಾನವೂ ಹೆಚ್ಚು. ಆದರೂ ಮಧುಮೇಹವುಳ್ಳವರು ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಬಾಧಕವಿಲ್ಲವೆಂದು ತಿಳಿಯಬಾರದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಇನ್ನು ಕೈಯ ವಿಚಾರ. ನಿಪ್ಪಾಣಿಯಲ್ಲಿ ದಿನವಿಡೀ ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುವ ಹೆಣ್ಣುಮಕ್ಕಳು, ರಾಯಬಾಗ, ಕಾಗವಾಡಗಳ ಹೊಲಗಳಲ್ಲಿ ಕಬ್ಬಿನ ಹೊರೆ ಹೊರುವವರು, ಅಥಣಿಯ ಕಡೆ ಬಾಗಿ ಕುಳಿತು ಚಪ್ಪಲಿ ಹೊಲಿಯುವವರು — ಇವರ ಬೆನ್ನು ಕುತ್ತಿಗೆಗಳಿಗೆ ಒಂದು ಹಿತವಾದ ಕೈ ಬೇಕೇಬೇಕು. ಅದು ಸಿಗುತ್ತಿದ್ದುದು ತಾಲೀಮಿನಲ್ಲಿ. ಶಾಹೂ ಮಹಾರಾಜರು ೧೯೧೨ರಲ್ಲಿ ಕಟ್ಟಿಸಿದ ಕೊಲ್ಹಾಪುರದ ಖಾಸಬಾಗ ಮೈದಾನವು ನಮಗೆ ದೂರವೇನಲ್ಲ. ಕುಸ್ತಿಯ ಗಾಳಿ ಈ ಗಡಿಯೂರುಗಳಿಗೂ ಬೀಸಿದೆ. ಪೈಲವಾನರಿಗೆ ಎಣ್ಣೆ ಹಚ್ಚಿ ಮೈ ತಿಕ್ಕುವ ವಸ್ತಾದನೇ ಉಳುಕನ್ನೂ ತೆಗೆಯುತ್ತಿದ್ದನು.

ಈ ವಿದ್ಯೆಗೆ ಶಾಸ್ತ್ರವೂ ಇದೆ. ಸುಶ್ರುತನು ಕೀಲು ತಪ್ಪುವುದರಲ್ಲಿ ೬ ಬಗೆಗಳನ್ನೂ ಎಲುಬು ಮುರಿಯುವುದರಲ್ಲಿ ೧೨ ಬಗೆಗಳನ್ನೂ ಎಣಿಸಿದ್ದಾನೆ. ಕಟ್ಟನ್ನು ಚಳಿಗಾಲದಲ್ಲಿ ೭ ದಿನಕ್ಕೆ, ಸಮಕಾಲದಲ್ಲಿ ೫ ದಿನಕ್ಕೆ, ಬೇಸಿಗೆಯಲ್ಲಿ ೩ ದಿನಕ್ಕೆ ಬಿಚ್ಚಿ ಕಟ್ಟಬೇಕೆಂದು ವಿಧಿಸಿದ್ದಾನೆ. ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಎಂದು ಎಚ್ಚರಿಸಿದ್ದಾನೆ. ಬಿದಿರದಬ್ಬೆಯನ್ನು ಬಿಗಿದು ಕಟ್ಟಿಸಿಕೊಂಡು, ಬೆರಳು ಕಪ್ಪಾದರೂ ಸುಮ್ಮನೆ ಕೂಡುವವರು ಈ ಮಾತನ್ನು ಕೇಳಬೇಕು.

ಇತ್ತ ಅಮೇರಿಕದಲ್ಲಿ ಇದೇ ಕೈವಿದ್ಯೆಯು ಬೇರೊಂದು ರೂಪ ತಾಳಿತು. ೧೮೯೫ರ ಸೆಪ್ಟೆಂಬರದಲ್ಲಿ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡಿ. ಡಿ. ಪಾಮರ್ ಎಂಬವನು ಹಾರ್ವಿ ಲಿಲ್ಲರ್ಡ್ ಎಂಬ ಕಿವುಡ ನೌಕರನ ಬೆನ್ನೆಲುಬನ್ನು ಒತ್ತಿ, ಅವನಿಗೆ ಕಿವಿ ಕೇಳಿಸಿತೆಂದು ಸಾರಿದನು. ಅದಕ್ಕೆ ಕೈರೊಪ್ರಾಕ್ಟಿಕ್ ಎಂದು ಹೆಸರಾಯಿತು. ಗ್ರೀಕಿನಲ್ಲಿ 'ಖೈರ್' ಎಂದರೆ ಕೈ. ಶಸ್ತ್ರವೈದ್ಯನನ್ನು ಸರ್ಜನ್ ಎನ್ನುತ್ತೇವಲ್ಲ, ಆ ಪದದ ಬೇರೂ ಇದೇ. ನಾವು ಡಾಕ್ಟರರ 'ಕೈಗುಣ' ಎನ್ನುವುದು ಸುಮ್ಮನೆ ಅಲ್ಲ! ೧೮೯೭ರಲ್ಲಿ ಪಾಮರನು ಶಾಲೆ ತೆರೆದನು. ೧೯೦೬ರಲ್ಲಿ ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು ಸೆರೆಮನೆಯನ್ನೂ ಕಂಡನು. ಎಲ್ಲ ರೋಗಕ್ಕೂ ಬೆನ್ನೆಲುಬಿನ ಸರಿತವೇ ಮೂಲವೆಂಬ ಅವನ ವಾದವನ್ನು ವಿಜ್ಞಾನವು ಒಪ್ಪಲಿಲ್ಲ. ಆದರೆ ಸೊಂಟನೋವಿಗೆ ತಿಳಿದವರ ಕೈಯಿಂದ ಕೊಂಚ ಉಪಶಮನವಾಗುವುದುಂಟೆಂದು ಈಚಿನ ಪರೀಕ್ಷೆಗಳು ತೋರಿಸಿವೆ. ಕೈಗೆ ಸಲ್ಲಬೇಕಾದ ಮರ್ಯಾದೆ ಅಷ್ಟು. ಅದಕ್ಕಿಂತ ಹೆಚ್ಚು ಕೊಟ್ಟರೆ ಅಪಾಯ.

ಆ ಅಪಾಯ ಹಬ್ಬದಲ್ಲಿ ಎರಡು ಕಡೆ ಕಾದಿರುತ್ತದೆ. ಒಂದು, ಕ್ಷೌರದಂಗಡಿ. ಹಬ್ಬದ ಮುನ್ನಾದಿನ ತಲೆಗೆ ಎಣ್ಣೆ ತಟ್ಟಿದ ಮೇಲೆ ಕುತ್ತಿಗೆಯನ್ನು ಗಕ್ಕನೆ ತಿರುವಿ ಲಟಿಕೆ ಮುರಿಯುವ ರೂಢಿಯುಂಟು. ಕುತ್ತಿಗೆಯೊಳಗಿನಿಂದ ಮಿದುಳಿಗೆ ರಕ್ತನಾಳಗಳು ಹೋಗಿವೆ. ಅಪರೂಪಕ್ಕಾದರೂ ಅವು ಹರಿದು ಲಕ್ವ ಹೊಡೆದುದುಂಟು. ತಲೆಯನ್ನು ತಿಕ್ಕಿಸಿಕೊಳ್ಳಿರಿ, ಕುತ್ತಿಗೆಯನ್ನು ಕೊಡಬೇಡಿರಿ.

ಎರಡನೆಯದು ಮನೆಯೊಳಗೇ ಇದೆ. ಉಂಡು ಎದ್ದ ಹುಡುಗನು ಹೊಟ್ಟೆ ಹಿಡಿದುಕೊಂಡರೆ 'ಬಟ್ಟಿ ಬಿದ್ದಿದೆ' ಎನ್ನುವರು. ತಿಕ್ಕುವವರನ್ನು ಕರೆತಂದು ಹೊಕ್ಕುಳ ಸುತ್ತ ಎಣ್ಣೆ ಹಾಕಿ ಒತ್ತಿಸುವರು. ಬರಿಯ ಅಜೀರ್ಣವಾಗಿದ್ದರೆ ಅದು ತಾನಾಗಿಯೇ ಇಳಿಯುತ್ತದೆ, ಕೀರ್ತಿ ಕೈಗೆ ಬರುತ್ತದೆ. ಆದರೆ ಅಪೆಂಡಿಸೈಟಿಸ್ ಆಗಿದ್ದರೆ? ಅದರ ನೋವೂ ಹಲವು ವೇಳೆ ಹೊಕ್ಕುಳ ಬಳಿಯೇ ಹುಟ್ಟಿ, ಕೆಲವು ತಾಸಿನ ಮೇಲೆ ಬಲಗಡೆಗೆ ಇಳಿಯುತ್ತದೆ. ತಿಕ್ಕುತ್ತ ಕುಳಿತು ಕಳೆದ ತಾಸುಗಳಲ್ಲಿ ಕರುಳಿನ ಆ ತುಂಡು ಒಡೆಯಬಹುದು. ಒಡೆದರೆ ಪ್ರಾಣಕ್ಕೇ ಸಂಚಕಾರ. ನೋವು ಬಲಗಡೆಗೆ ಸರಿಯಿತೇ, ಜ್ವರ ವಾಂತಿಗಳು ಬಂದವೇ, ಹೊಟ್ಟೆ ಗಟ್ಟಿಯಾಯಿತೇ ಎಂದು ನೋಡಿರಿ. ಇವುಗಳಲ್ಲಿ ಒಂದು ಕಂಡರೂ ಎಣ್ಣೆಯ ಬಟ್ಟಲನ್ನು ಒಳಗಿಡಿರಿ, ಉಣ್ಣಲು ಏನೂ ಕೊಡಬೇಡಿರಿ, ಜುಲಾಬು ಬೇಡವೇ ಬೇಡ, ದವಾಖಾನೆಗೆ ಕರೆದೊಯ್ಯಿರಿ.

ಹಿರಿಯರ ಮಾತು ಬೇರೆ. ಹೋಳಿಗೆ ತುಪ್ಪ ಉಂಡ ಅಜ್ಜನು ಎದೆ ಹಿಡಿದುಕೊಂಡು 'ವಾಯು' ಎನ್ನುತ್ತಾನೆ, ಸೊಸೆ ಬೆನ್ನು ತಿಕ್ಕತೊಡಗುತ್ತಾಳೆ. ಎದೆಯ ಒತ್ತಡವು ಎಡತೋಳಿಗೋ ದವಡೆಗೋ ಹರಿದು, ಮೈಯೆಲ್ಲ ತಣ್ಣನೆ ಬೆವರಿದರೆ ಅದು ಹೃದಯದ ಕರೆ. ಓಮ, ಸೋಡಾಗಳನ್ನು ಹುಡುಕುತ್ತ ಕೂಡದೆ, ಅಜ್ಜನನ್ನು ಒರಗಿಸಿ ಕುಳ್ಳಿರಿಸಿ ೧೦೮ಕ್ಕೆ ಫೋನು ಮಾಡಿರಿ. ಹಬ್ಬದ ದಿನವೂ ಆ ಗಾಡಿ ಬರುತ್ತದೆ.