ಧರ್ಮದೇಟಿನಲ್ಲಿ ಧರ್ಮವೆಲ್ಲಿ?

(ಕುಮಾರ ಪಾರ್ಕಿನಲ್ಲಿ ಬಡಾವಣೆಯ ನಾಗರಿಕರ ಮುಂದೆ ಮಾಡಿದ ಭಾಷಣದ ಬರಹರೂಪ)

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿ ಹೊತ್ತು ದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಬರಹ ಓದಿದ ದೆವ್ವ ಹಿಂತಿರುಗಬೇಕು. ಮರುದಿನ ಬಂದರೂ ಅದೇ ಬರಹ. ಇಲ್ಲಿ ಸೇರಿರುವ ಹಿರಿಯರಲ್ಲಿ ಹಲವರು ಆ ಅಕ್ಷರಗಳನ್ನು ಕಂಡವರೇ ಇರಬೇಕು. ನಂಬದವರೂ ‘ಬರೆದರೆ ಕಳಕೊಳ್ಳುವುದೇನು’ ಎಂದು ಬರೆದರು. ಆ ವದಂತಿ ಜನರಿಂದ ಕೇಳಿದ್ದು ಒಂದು ತುಂಡು ಸೀಮೆಸುಣ್ಣ ಮಾತ್ರ.

ಅದೇ ನಗರದಲ್ಲಿ 2018ರ ಮೇ 23ರಂದು ಇನ್ನೊಂದು ವದಂತಿ ಒಂದು ಜೀವವನ್ನೇ ಕೇಳಿತು. ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಚಾಮರಾಜಪೇಟೆಯ ಬೀದಿಯಲ್ಲಿ ಜನ ಹಗ್ಗದಿಂದ ಕಟ್ಟಿದರು. ಕ್ರಿಕೆಟ್ ಬ್ಯಾಟಿನಿಂದ, ಕೈಗೆ ಸಿಕ್ಕಿದ್ದರಿಂದ ಹೊಡೆದರು. ಅವನು ಮಕ್ಕಳ ಕಳ್ಳನೆಂಬುದು ಅವರ ಅನುಮಾನ. ಪೊಲೀಸರು ಬಿಡಿಸಿಕೊಂಡು ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಬಂಧಿತರಲ್ಲಿ ಹೆಂಗಸರೂ ಇದ್ದರು. ಚಾಮರಾಜಪೇಟೆಯೆಂದರೆ ಕೋಟೆಯಾಚೆಯ ಹಳೆಯ ಬಡಾವಣೆ, ಕನ್ನಡ ಸಾಹಿತ್ಯ ಪರಿಷತ್ತಿನ ನೆಲೆ. ಇಂಥದ್ದು ಎಲ್ಲೋ ದೂರದ ಕಾಡಿನಲ್ಲಿ ನಡೆಯುತ್ತದೆ ಎಂದುಕೊಂಡಿದ್ದವರ ಸಮಾಧಾನ ಅಂದಿಗೆ ಮುಗಿಯಿತು.

ಎರಡು ತಿಂಗಳೂ ತುಂಬಿರಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಹೀಗೆಯೇ ಸತ್ತರು. ಗೆಳೆಯರೊಂದಿಗೆ ಕಾರಿನಲ್ಲಿ ಬಂದಿದ್ದವರು ದಾರಿಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟೇ ಅನುಮಾನಕ್ಕೆ ಸಾಕಾಯಿತು. ಅವರು ತಪ್ಪಿಸಿಕೊಂಡು ಹೊರಟರೂ ಕಾರಿಗಿಂತ ಮೊದಲು ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಊರು ಮುಟ್ಟಿತ್ತು, ದಾರಿ ಕಟ್ಟಲಾಗಿತ್ತು. ಅಡ್ಡ ಬಂದ ಪೊಲೀಸರಿಗೂ ಏಟು ಬಿದ್ದವು.

ಹೊಡೆದವರು ಯಾರು? ವೃತ್ತಿಯ ಗೂಂಡಾಗಳಲ್ಲ. ಅಂಗಡಿಗೆ, ಕೆಲಸಕ್ಕೆ ಹೋಗಿಬರುವ, ಮನೆಯಲ್ಲಿ ಮಕ್ಕಳಿರುವ ಸಾಮಾನ್ಯರು. ಆದ್ದರಿಂದ ‘ಕೆಟ್ಟವರು ಮಾಡಿದ ಕೆಲಸ’ ಎಂದು ಕೈತೊಳೆದುಕೊಂಡರೆ ಕಾರಣ ಸಿಕ್ಕುವುದಿಲ್ಲ.

ಮೊದಲ ಕಾರಣ ಭಯ. ಮಕ್ಕಳ ಕಳ್ಳನ ಭಯ ಬಹಳ ಹಳೆಯದು. ಸೇತುವೆ, ಅಣೆಕಟ್ಟೆಗಳಿಗೆ ಮಕ್ಕಳನ್ನು ಬಲಿ ಕೊಡುತ್ತಾರೆ ಎಂಬ ಮಾತು ಭಾರತದ ನಾನಾ ಕಡೆ ತಲೆತಲಾಂತರದಿಂದ ಕೇಳಿಬಂದಿದೆ. ಕೆರೆಗೆ ಸೊಸೆಯನ್ನೇ ಹಾರವಾಗಿ ಕೊಟ್ಟ ಭಾಗೀರಥಿಯ ಕಥೆ ಕನ್ನಡದ ಜನಪದಕ್ಕೆ ಹೊಸದಲ್ಲ. 1750ರಲ್ಲಿ ಪ್ಯಾರಿಸ್ ನಗರ ಇದೇ ಭಯದಿಂದ ಹೊತ್ತಿಕೊಂಡಿತ್ತು. ಕುಷ್ಠರೋಗಿಯಾದ ರಾಜನ ಸ್ನಾನಕ್ಕೆ ಮಕ್ಕಳ ರಕ್ತ ಬೇಕಾಗಿದೆ ಎಂದು ಜನ ನಂಬಿ ದಂಗೆಯೆದ್ದರು, ಪೊಲೀಸನೊಬ್ಬನನ್ನು ಕೊಂದರು. ರಕ್ತಸ್ನಾನ ಸುಳ್ಳು. ಆದರೆ ಅಲೆಮಾರಿಗಳನ್ನು ಹಿಡಿಯುವ ನೆಪದಲ್ಲಿ ಪೊಲೀಸರು ಬಡವರ ಮಕ್ಕಳನ್ನು ಹಿಡಿದೊಯ್ಯುತ್ತಿದ್ದುದು ನಿಜವಾಗಿತ್ತು. ವದಂತಿ ಬೇರೂರುವುದು ಹೀಗೆ, ಎಲ್ಲೋ ಒಂದು ಹಿಡಿ ನಿಜದ ಮಣ್ಣಿನಲ್ಲಿ.

ಈ ಕಾಲದಲ್ಲಿ ಆ ಬೇರಿಗೆ ನೀರೆರೆದದ್ದು ಮೊಬೈಲ್ ಫೋನು. ಬೈಕಿನಲ್ಲಿ ಬಂದ ಇಬ್ಬರು ಬೀದಿಯ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಅಂದು ದೇಶದ ತುಂಬ ಹರಿದಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷೆಯ ಬಗ್ಗೆ ಎಚ್ಚರಿಕೆ ಮೂಡಿಸಲೆಂದೇ ತಯಾರಿಸಿದ ಕಿರುಚಿತ್ರ. ಅದರಲ್ಲಿ ಮಗುವನ್ನು ಹಿಂದಕ್ಕೆ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಮಕ್ಕಳನ್ನು ಕಾಯಲೆಂದು ಮಾಡಿದ್ದು ಮನುಷ್ಯರನ್ನು ಕೊಲ್ಲಿಸಿತು.

ಎರಡನೆಯ ಕಾರಣ ಅಪರಿಚಿತನ ಬಗೆಗಿನ ಗುಮಾನಿ. ಉತ್ತರದಿಂದ ಬಂದ ಕೂಲಿಗಳು ಮನೆ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾರೆ. ಬಡಾವಣೆಗೆ ಅವರ ಕೆಲಸ ಗೊತ್ತು, ಹೆಸರು ಗೊತ್ತಿಲ್ಲ. ‘ಇವನು ನಮ್ಮ ಪಕ್ಕದ ಓಣಿಯವನು’ ಎಂದು ಹೇಳುವ ಒಂದು ಬಾಯಿ ಇಲ್ಲದವನು ಗುಂಪಿಗೆ ಸುಲಭದ ತುತ್ತು. ವಿಪರ್ಯಾಸವೆಂದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಬಹುಪಾಲು ಆರೋಪಿಗಳು ಪರಿಚಿತರೇ. ಎಚ್ಚರವಿರಬೇಕಾದದ್ದು ಮನೆಯ ಒಳಗೆ, ಹೊಡೆತ ಬೀಳುವುದು ಬೀದಿಯಲ್ಲಿ ಹೋಗುವವನಿಗೆ.

ಮೂರನೆಯ ಕಾರಣ ಭಾಷೆಯಲ್ಲೇ ಕುಳಿತಿದೆ. ಸರಗಳ್ಳನಿಗೆ ಜನ ಹೊಡೆದರೆ ‘ಸಾರ್ವಜನಿಕರಿಂದ ಧರ್ಮದೇಟು’ ಎಂದು ಪತ್ರಿಕೆಗಳು ಬರೆಯುತ್ತವೆ, ಓದುವವರು ಮುಗುಳ್ನಗುತ್ತಾರೆ. ಧರ್ಮಛತ್ರ, ಧರ್ಮಾಸ್ಪತ್ರೆ ಎಂಬಲ್ಲಿ ಇರುವಂತೆ ಇಲ್ಲಿಯೂ ಧರ್ಮವೆಂದರೆ ಬಿಟ್ಟಿ. ಬಿಟ್ಟಿ ಏಟು! ಹೊಡೆದವನಿಗೆ ಖರ್ಚಿಲ್ಲ, ಲೆಕ್ಕವಿಲ್ಲ, ಹೊಣೆಯಿಲ್ಲ. ಅದರ ಜೊತೆಗೆ ನ್ಯಾಯ ಮಾಡಿದೆವೆಂಬ ಪುಣ್ಯವೂ ಪುಕ್ಕಟೆ. ಠಾಣೆಗೆ ಕೊಟ್ಟರೆ ನಾಳೆಯೇ ಹೊರಗೆ ಬರುತ್ತಾನೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಅಸಮಾಧಾನ ಇದರ ಹಿಂದಿದೆ. ಆ ಅಸಮಾಧಾನಕ್ಕೆ ಆಧಾರವಿಲ್ಲವೆನ್ನಲಾಗದು. ಆದರೆ ಸರಗಳ್ಳನಿಗೆ ಬಿದ್ದ ನಾಲ್ಕು ಏಟನ್ನು ಮೆಚ್ಚಿಕೊಂಡ ಬೀದಿಯೇ ಮುಂದೊಂದು ದಿನ ನಿರಪರಾಧಿಯ ನಲವತ್ತನೇ ಏಟಿಗೂ ಸುಮ್ಮನೆ ನಿಲ್ಲುತ್ತದೆ. ನ್ಯಾಯಾಲಯ ತಡ ಮಾಡುವುದಕ್ಕೆ ಒಂದು ಕಾರಣ ಅದು ಪ್ರಶ್ನೆ ಕೇಳುತ್ತದೆ ಎಂಬುದು. ಗುಂಪು ಪ್ರಶ್ನೆಯನ್ನೇ ಕೇಳುವುದಿಲ್ಲ.

ಇನ್ನು ಸುತ್ತ ನಿಂತು ನೋಡುವವರ ವಿಚಾರ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಪಕ್ಕದ ಕೋಣೆಯವನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಲಾಯಿತು. ಕೇಳಿಸಿಕೊಂಡವನು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85 ಮಂದಿ ಕೂಡಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಎದ್ದವರು ಶೇ. 31 ಮಾತ್ರ. ಹೊಣೆ ಹಂಚಿಹೋದಷ್ಟೂ ಹಗುರವಾಗುತ್ತದೆ. ಹೊಡೆಯುವವರಿಗೂ ಇದೇ ಲೆಕ್ಕ: ಸತ್ತದ್ದು ತನ್ನ ಏಟಿನಿಂದಲ್ಲ ಎಂದು ಪ್ರತಿಯೊಬ್ಬನೂ ಹೇಳಿಕೊಳ್ಳಬಹುದು.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಬ್ರಿಟನ್, ನೆದರ್ಲೆಂಡ್ಸ್ ಮತ್ತು ದಕ್ಷಿಣ ಆಫ್ರಿಕದ ನಗರಗಳಲ್ಲಿ ಬೀದಿ ಕ್ಯಾಮೆರಾಗಳು ದಾಖಲಿಸಿದ 219 ಜಗಳಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಹೊರತಂದರು. ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ಮುಂದೆ ಬಂದು ತಡೆಯಲು ಯತ್ನಿಸಿದ್ದರು. ನಿಂತವರು ಹೆಚ್ಚಾದಷ್ಟೂ ಅಂಥ ಒಬ್ಬರು ಸಿಗುವ ಸಂಭವವೂ ಹೆಚ್ಚಿತ್ತು. ತಡೆಯುವ ಮನಸ್ಸು ಜನರಲ್ಲಿದೆ. ಅದಕ್ಕೆ ಬೇಕಾದದ್ದು ಮೊದಲೇ ಸಿಕ್ಕಿದ ತಯಾರಿ.

ಈ ತಯಾರಿಯ ಬಗ್ಗೆ ಯೋಚಿಸಿದ್ದವರೊಬ್ಬರು ಇದೇ ಬಡಾವಣೆಯಲ್ಲಿ ಕೆಲವು ವಾರ ಇದ್ದರು. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಾಂಧೀಜಿ ನಂದಿ ಬೆಟ್ಟದಿಂದ ಇಳಿದು ಕುಮಾರ ಪಾರ್ಕಿನಲ್ಲಿ ತಂಗಿದ್ದರು. ಗಾಂಧಿ ಭವನವೂ ಇಲ್ಲೇ ಇದೆ. 1922ರಲ್ಲಿ ಚೌರಿಚೌರಾದ ಠಾಣೆಗೆ ಗುಂಪು ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ಚಳವಳಿಯನ್ನೇ ನಿಲ್ಲಿಸಿದವರು ಅವರು. ಅದಕ್ಕೂ ಮೊದಲು, 1920ರಲ್ಲೇ, ತಮ್ಮನ್ನು ನೋಡಲು ನುಗ್ಗುವ ಜನಜಂಗುಳಿಯನ್ನು ಕಂಡು ಗುಂಪಿನಾಳ್ವಿಕೆಯ ಅಪಾಯದ ಬಗ್ಗೆ ಬರೆದಿದ್ದರು. ಅವರು ಸೂಚಿಸಿದ ಪರಿಹಾರ ಉಪದೇಶವಲ್ಲ, ವ್ಯವಸ್ಥೆ: ಹೊಸಬರನ್ನು ತರಬೇತಿಯಿಲ್ಲದೆ ಸ್ವಯಂಸೇವಕರಾಗಿ ನಿಲ್ಲಿಸಬಾರದು, ಸ್ವಯಂಸೇವಕರು ಒಂದೇ ಕಡೆ ಕೂಡಿ ನಿಲ್ಲದೆ ಗುಂಪಿನ ನಡುವೆ ಅಲ್ಲಲ್ಲಿ ನಿಲ್ಲಬೇಕು. ಗುಂಪನ್ನು ಹೊರಗಿನಿಂದ ಲಾಠಿ ಚದುರಿಸಬಹುದು. ಒಳಗಿನಿಂದ ತಣಿಸುವುದು ಪರಿಚಿತ ಮುಖ ಮಾತ್ರ.

ಕಾನೂನೂ ಸುಮ್ಮನಿಲ್ಲ. ಮುರ್ಕಿಯ ಘಟನೆಯಾಗಿ ನಾಲ್ಕೇ ದಿನಕ್ಕೆ, 2018ರ ಜುಲೈ 17ರಂದು, ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲೂ ಗುಂಪು ಹಲ್ಲೆ ತಡೆಯಲು ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕು, ನೊಂದವರಿಗೆ ಪರಿಹಾರ ಯೋಜನೆ ಇರಬೇಕು, ವಿಚಾರಣೆ ತ್ವರಿತವಾಗಿ ನಡೆಯಬೇಕು ಎಂದು ಆದೇಶಿಸಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿ ತಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಂತೆ, ಐದು ಅಥವಾ ಹೆಚ್ಚು ಮಂದಿ ಕೂಡಿ ಜಾತಿ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಆಧಾರದ ಮೇಲೆ ಕೊಲೆ ಮಾಡಿದರೆ ಅವರಲ್ಲಿ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಹೊಣೆ ಹಂಚಿಹೋಗುತ್ತದೆಂಬ ಲೆಕ್ಕವನ್ನು ಕಾನೂನು ಒಪ್ಪುವುದಿಲ್ಲ.

ಆದರೂ ಕಾನೂನು ಬರುವುದು ಏಟು ಬಿದ್ದ ಮೇಲೆ. ಮೊದಲಿನ ಹತ್ತು ನಿಮಿಷ ಬೀದಿಯವರದು. ಬಡಾವಣೆಯ ಸಂಘಗಳು, ಗಣೇಶೋತ್ಸವದ ಮಂಡಳಿಗಳು, ಆಟೊ ನಿಲ್ದಾಣದವರು, ಅಂಗಡಿಯವರು ಈ ಕೆಲಸಕ್ಕೆ ಸಾಕು. ಅನುಮಾನ ಬಂದರೆ ಸುತ್ತುವರಿಯದೆ 112ಕ್ಕೆ, ಮಗುವಿನ ವಿಷಯವಾದರೆ 1098ಕ್ಕೆ ಕರೆ ಮಾಡುವುದು. ಸಿಕ್ಕಿದವನನ್ನು ಅಂಗಡಿಯೊಳಗೆ ಕೂರಿಸಿ ನೀರು ಕೊಟ್ಟು ಬಾಗಿಲಲ್ಲಿ ಇಬ್ಬರು ನಿಲ್ಲುವುದು. ಅವನ ಭಾಷೆ ಬಲ್ಲ ಒಬ್ಬರನ್ನು ಕರೆಸುವುದು. ಕೈಯೆತ್ತಿದವನನ್ನು ಹೆಸರು ಹಿಡಿದು ಕೂಗುವುದು. ‘ಗುಂಪಿನಲ್ಲಿ ಗೋವಿಂದ’ ಎನ್ನುವವನಿಗೆ ತನ್ನ ಹೆಸರು ಕೇಳಿಸಿದಾಗ ಅವನು ಮತ್ತೆ ಒಬ್ಬ ಮನುಷ್ಯನಾಗುತ್ತಾನೆ, ಮನೆಯಿರುವವನು, ನೆರೆಯವರಿರುವವನು.

ಇಷ್ಟನ್ನು ಮಾಡಲು ಅಪಾರ ಧೈರ್ಯವೇನೂ ಬೇಕಿಲ್ಲ, ಮೊದಲೇ ಮಾತಾಡಿಕೊಂಡಿರಬೇಕು. ಚಾಮರಾಜಪೇಟೆಯ ಆ ಬೀದಿಯಲ್ಲಿ ಅಂಥ ನಾಲ್ವರು ಇದ್ದಿದ್ದರೆ ರಾಜಸ್ಥಾನದ ಒಂದು ಮನೆಗೆ ಮಗ ಹಿಂತಿರುಗುತ್ತಿದ್ದ. ಹಿಂದೊಮ್ಮೆ ಇಲ್ಲದ ದೆವ್ವಕ್ಕೆ ‘ನಾಳೆ ಬಾ’ ಎಂದು ಬರೆದ ಊರು ಇದು. ಬೀದಿಯಲ್ಲಿ ಕೋಪ ಏರಿ ಬಂದಾಗ ಅದಕ್ಕೂ ಅದೇ ಮಾತು ಹೇಳಬಹುದು. ನಾಳೆಯ ಹೊತ್ತಿಗೆ ನಿಜ ಏನೆಂದು ತಿಳಿದಿರುತ್ತದೆ. ಇಂದು ಹೋದ ಜೀವ ಮಾತ್ರ ನಾಳೆ ಬರುವುದಿಲ್ಲ.