ಬೆವರಿನ ಅನ್ನ, ಭೂಮಿಯ ಪಾಲು



ನಿನ್ನೆಯ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: “ಬುದ್ಧೀ, ದುಡಿಯಲಿ ಬಿಡಲಿ, ಪ್ರತಿಯೊಬ್ಬರಿಗೂ ಸರಕಾರ ತಿಂಗಳು ತಿಂಗಳು ಹಣ ಕೊಡಬೇಕೆಂದು ಪಂಡಿತರು ಹೇಳುತ್ತಾರಂತೆ. ಹಾಗಾದರೆ ಕಾಯಕದ ಗತಿಯೇನು?” ಪ್ರಶ್ನೆ ಯೋಗ್ಯವಾದುದು. ಕಾಯಕವನ್ನು ನಂಬಿದವರು ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗಕೂಡದು.

ಇದನ್ನು ಸಾರ್ವತ್ರಿಕ ಮೂಲ ಆದಾಯವೆನ್ನುತ್ತಾರೆ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಮನೆಯ ಯಜಮಾನಿಗೆ 2000 ರೂಪಾಯಿ ಕೊಡುವಂಥದು. ಎಲ್ಲರಿಗೂ ಅಲ್ಲವಾದುದರಿಂದ ಅದು ಇದರ ನೆಂಟನೇ ಹೊರತು ಇದೇ ಅಲ್ಲ.

ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ‘ಸೇವಾ’ ಎಂಬ ಮಹಿಳಾ ಸಂಘದವರು ಯುನಿಸೆಫ್ ನೆರವಿನಿಂದ 2011ರಲ್ಲಿ ಇದನ್ನು ಮಾಡಿ ನೋಡಿದರು. ಪ್ರಾಯದವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಮುಂದೆ ಅದು 300, 150 ಆಯಿತು. ಜನ ಅರಳಿಕಟ್ಟೆಯ ಮೇಲೆ ಕುಳಿತುಬಿಟ್ಟರೇ? ಇಲ್ಲ. ಕೂಲಿಗೆ ಹೋಗುತ್ತಿದ್ದವರು ಸ್ವಂತ ಹೊಲದ ಕಡೆಗೆ ತಿರುಗಿದರು, ಬೀಜ ಕೊಂಡರು, ಸಾಕುಪ್ರಾಣಿ ಕಟ್ಟಿದರು. ಹೊಟ್ಟೆಯ ಭಯಕ್ಕೆ ಅಂಜಿ ಮಾಡುವುದು ಜೀತ. ಭಯ ಕಳೆದಲ್ಲಿ ಮನಸ್ಸೊಪ್ಪಿ ಮಾಡುವುದು ಕಾಯಕ. ಹಣ ಕೊಟ್ಟರೆ ಕಾಯಕ ಕೆಡುವುದೆಂಬ ಮಾತನ್ನು ನಾವು ಒಪ್ಪಲಾರೆವು. ಬಡವನ ಸೋಮಾರಿತನದ ಬಗೆಗೆ ಚಿಂತಿಸುವವರು ಬಡ್ಡಿಯಲ್ಲಿ ಕೂತು ಉಣ್ಣುವವನ ಸೋಮಾರಿತನವನ್ನು ಕೇಳುವುದೇ ಇಲ್ಲ!

ನಮ್ಮ ಸಂಶಯ ಬೇರೆ ಕಡೆ ಇದೆ. ಪಂಕ್ತಿ ಹಾಕುವ ಮೊದಲು ಅಕ್ಕಿ ಎಲ್ಲಿಂದ ಬಂತೆಂದು ನೋಡಬೇಕಷ್ಟೆ. ಅಮೇರಿಕದ ಅಲಾಸ್ಕಾದವರು 1976ರಲ್ಲಿ ತಮ್ಮ ಸಂವಿಧಾನವನ್ನೇ ತಿದ್ದಿ, ನೆಲದೊಳಗಿನ ಎಣ್ಣೆಯ ರಾಜಧನದಲ್ಲಿ ಕನಿಷ್ಠ ಕಾಲು ಭಾಗವನ್ನು ನಿಧಿಯಾಗಿ ಇಟ್ಟರು. ಅದರ ಗಳಿಕೆಯಿಂದ 1982ರಲ್ಲಿ ಪ್ರತಿ ನಿವಾಸಿಗೂ, ತೊಟ್ಟಿಲ ಕೂಸಿಗೂ ಸಹ, 1000 ಡಾಲರ್ ಬಂತು. ಮುಂದೆಯೂ ವರ್ಷವರ್ಷ ಪಾಲು ನಡೆದುಬಂದಿದೆ. ಎಣ್ಣೆಯನ್ನು ಯಾರೂ ಬೆವರಿನಿಂದ ಮಾಡಿದ್ದಲ್ಲ, ಆದುದರಿಂದ ಇದು ಭಿಕ್ಷೆಯಲ್ಲ, ಪಾಲು. ಇಷ್ಟು ಧರ್ಮವೇ. ಆದರೆ ಅಂಥ ಎಣ್ಣೆ ಜಗತ್ತಿನಲ್ಲೆಲ್ಲ ಉರಿದು ತಾಪವೇರಿ, ಅವರದೇ ನಾಡಿನಲ್ಲಿ ಹೆಪ್ಪುಗಟ್ಟಿದ ನೆಲ ಕರಗಿ ಮನೆಗಳ ತಳಪಾಯ ಕುಸಿಯುತ್ತಿದೆ. ಹೆತ್ತವಳ ಮೈ ಕೊಯ್ದು ಮಕ್ಕಳಿಗೆ ಸಮನಾಗಿ ಬಡಿಸಿದಂತಾಯಿತು! ಗೋಮಾಳ, ಕೆರೆ ಕಳೆದುಕೊಂಡ ಹಳ್ಳಿಗೆ ಹಣ ಕೊಟ್ಟರೂ ಅದರಿಂದ ಹಾಲು ನೀರನ್ನೇ ಕೊಳ್ಳಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನವರು ಬೇರೆ ದಾರಿ ಹಿಡಿದರು. ಮನೆ ಬೆಚ್ಚಗಿಡಲು ಸುಡುವ ಎಣ್ಣೆ, ಅನಿಲಗಳ ಮೇಲೆ 2008ರಲ್ಲಿ ಕರ ಹಾಕಿ, ಅದರ ಹೆಚ್ಚಿನ ಭಾಗವನ್ನು ಜನರಿಗೂ ಉದ್ಯಮಗಳಿಗೂ ಹಿಂದಿರುಗಿಸುತ್ತಾರೆ. ಜನರ ಪಾಲು ತಲೆಗೆ ಸಮ. ಆರೋಗ್ಯ ವಿಮೆಯ ಕಂತಿನಲ್ಲಿ ಅದನ್ನು ಕಳೆಯುತ್ತಾರೆ. ಹೆಚ್ಚು ಸುಡುವವನು ಹೆಚ್ಚು ತೆರುತ್ತಾನೆ, ಮಿತವಾಗಿ ಬಾಳುವವನಿಗೆ ತೆತ್ತುದಕ್ಕಿಂತ ಹೆಚ್ಚು ಬರುತ್ತದೆ. ಇದು ನಮಗೆ ಮೆಚ್ಚು. ಆದರೆ ಸುಡುವುದು ಕಡಿಮೆಯಾದಂತೆಲ್ಲ ಕರವೂ ಇಳಿಯುವುದರಿಂದ ಇದೊಂದರಿಂದಲೇ ಯಾರ ಹೊಟ್ಟೆಯೂ ತುಂಬದು. ಪೂರ್ಣ ಮೂಲ ಆದಾಯ ಬೇಕೇ ಎಂದು 2016ರಲ್ಲಿ ಅದೇ ಜನರನ್ನು ಕೇಳಿದಾಗ ನೂರಕ್ಕೆ 77ರಷ್ಟು ಮಂದಿ ಬೇಡವೆಂದರು.