ಒಡೆಯರಿಲ್ಲದ ಸಂಸ್ಥೆಯ ಲೆಕ್ಕ: ಲಾಭರಹಿತ ಸಂಸ್ಥೆಗಳ ನಿರ್ವಹಣೆಯಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟ್ ಅಧ್ಯಯನ

ಲಾಭರಹಿತ ಸಂಸ್ಥೆಯ ವರ್ಷದ ಲೆಕ್ಕದಲ್ಲಿ ಹಣ ಮಿಗಬಾರದೆಂದೇನಿಲ್ಲ. ಮಿಕ್ಕದ್ದನ್ನು ಅದನ್ನು ನಡೆಸುವವರು ಹಂಚಿಕೊಳ್ಳುವಂತಿಲ್ಲ, ಅಷ್ಟೆ. ಅಮೆರಿಕದ ಕಾನೂನು ವಿದ್ವಾಂಸ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಈ ನಿರ್ಬಂಧವನ್ನೇ ಇಂಥ ಸಂಸ್ಥೆಗಳ ಮುಖ್ಯ ಲಕ್ಷಣವೆಂದು ಗುರುತಿಸಿದರು. ಕಂಪನಿಯ ಲೆಕ್ಕವನ್ನು ಷೇರುದಾರರು ಕೇಳುತ್ತಾರೆ. ಅಂಗಡಿ ಸರಿಯಿಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಲಾಭರಹಿತ ಸಂಸ್ಥೆಯಲ್ಲಿ ಹಣ ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು. ಪಡೆಯುವವರಿಗೆ ದೂರುವ ಧೈರ್ಯವೂ ಕಡಿಮೆ. ನಿರ್ವಹಣೆಯ ಸಾಮಾನ್ಯ ಪಾಠ ಇಲ್ಲಿ ಸಾಲದೆ ಹೋಗುವುದು ಈ ಕಾರಣಕ್ಕೆ.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 1983ರಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಆರಂಭಿಸಿತು. ಸರ್ಟಿಫಿಕೇಟ್ ಅದಕ್ಕಿಂತ ಕಿರಿದಾದ ಓದು. ಅಮೆರಿಕದಲ್ಲಿ ಸಾಮಾನ್ಯವಾಗಿ 12ರಿಂದ 18 ಕ್ರೆಡಿಟ್‌ಗಳಷ್ಟು. ಕೆಲಸದಲ್ಲಿದ್ದುಕೊಂಡೇ ಓದುವವರು ಹೆಚ್ಚು. ಆಡಳಿತ ಮಂಡಳಿ, ನಿಧಿ ಸಂಗ್ರಹ, ಹಣಕಾಸು, ಮೌಲ್ಯಮಾಪನ ಅದರ ಮುಖ್ಯ ಪಾಠಗಳು.

ಆ ಪಠ್ಯವನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಕಟ್ಟಬಹುದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಟ್ರಸ್ಟ್ ಮಾಡಬಹುದು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಡಿ ಕಂಪನಿಯನ್ನೂ ತೆರೆಯಬಹುದು. ಸಂಘದ ಮಂಡಳಿಯನ್ನು ಸದಸ್ಯರು ಆರಿಸುತ್ತಾರೆ, ಬೇಡವಾದರೆ ಇಳಿಸುತ್ತಾರೆ. ಟ್ರಸ್ಟಿನಲ್ಲಿ ಪತ್ರ ಬರೆಸಿದವರ ಮಾತೇ ಬಹುಕಾಲ ನಡೆಯುತ್ತದೆ. ಸ್ಥಾಪಕರಲ್ಲಿ ಅನೇಕರಿಗೆ ಟ್ರಸ್ಟೇ ಪ್ರಿಯವಾಗುವುದು ಏಕೆಂಬುದು ಗುಟ್ಟೇನಲ್ಲ.

ಹಣ ಬಂದ ದಾರಿಗೆ ತಕ್ಕಂತೆ ನಿಯಮವೂ ಬದಲಾಗುತ್ತದೆ. ತೆರಿಗೆ ವಿನಾಯಿತಿ ಬೇಕಾದರೆ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೇ ವಿನಿಯೋಗಿಸಬೇಕು. ಹೆಚ್ಚು ಕೂಡಿಡುವುದಾದರೆ ಕಾರಣ ತಿಳಿಸಬೇಕು, ಅದಕ್ಕೂ ಐದು ವರ್ಷದ ಗಡುವು. ವಿದೇಶಿ ದೇಣಿಗೆಯದು ಇನ್ನೂ ಬಿಗಿ. 2010ರ ಕಾಯ್ದೆ ಆಡಳಿತ ವೆಚ್ಚಕ್ಕೆ ಶೇ 50ರ ಮಿತಿ ಇಟ್ಟಿತ್ತು. 2020ರ ತಿದ್ದುಪಡಿ ಅದನ್ನು ಶೇ 20ಕ್ಕೆ ಇಳಿಸಿತು, ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವುದನ್ನೂ ತಡೆಯಿತು. ನಿಯಮದ ಪ್ರಕಾರ ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳ ಆಡಳಿತ ವೆಚ್ಚವಲ್ಲ. ನಿಧಿಯ ಲೆಕ್ಕ ಇಡುವ ಖರ್ಚು ಆಡಳಿತ ವೆಚ್ಚ. ದಾನಿಗಳ ಮನಸ್ಸೂ ಹೀಗೆಯೇ. ಮಕ್ಕಳ ಊಟಕ್ಕೆ ಧಾರಾಳವಾಗಿ ಕೊಡುವವರು ಲೆಕ್ಕಿಗರ ಸಂಬಳಕ್ಕೆ ಕೈ ಬಿಗಿ ಹಿಡಿಯುತ್ತಾರೆ, ವರ್ಷದ ಕೊನೆಗೆ ಲೆಕ್ಕ ಸರಿಯಿಲ್ಲವೆಂದು ಬೇಸರಪಡುತ್ತಾರೆ.

ಹೀಗಿರುವಾಗ ಕೋರ್ಸಿನಲ್ಲಿ ಹೆಚ್ಚಿನ ಸಮಯ ಸಲ್ಲಬೇಕಾದದ್ದು ಲೆಕ್ಕಕ್ಕೆ ಮತ್ತು ಆಡಳಿತ ಮಂಡಳಿಗೆ. ನಿಧಿ ಸಂಗ್ರಹದ ತರಗತಿಗೆ ವಿದ್ಯಾರ್ಥಿಗಳನ್ನು ಯಾರೂ ಒತ್ತಾಯಿಸಬೇಕಾಗುವುದಿಲ್ಲ. ಯಾವುದಾದರೂ ಸಂಸ್ಥೆಯ ಕೆಲವು ವರ್ಷಗಳ ಜಮಾ-ಖರ್ಚು, ಲೆಕ್ಕಪರಿಶೋಧಕರ ವರದಿ, ನಡಾವಳಿ ಪುಸ್ತಕಗಳನ್ನು ಒಟ್ಟಿಗೆ ಓದಿಸುವುದು ಉಪನ್ಯಾಸಕ್ಕಿಂತ ಉಪಯುಕ್ತ. ಪುಟಗಟ್ಟಲೆ ಠರಾವುಗಳಿದ್ದು, ಒಂದಕ್ಕೂ ಆಕ್ಷೇಪದ ಸುಳಿವಿಲ್ಲದಿದ್ದರೆ, ಮಂಡಳಿ ಸಹಿಗಷ್ಟೇ ಸೇರುತ್ತಿದೆಯೇ ಎಂದು ಅನುಮಾನಿಸಬೇಕು. ಇಂಥ ಓದು ವಿದ್ಯಾರ್ಥಿಗೆ ದಕ್ಕಲು ದಾಖಲೆ ತೋರಿಸುವ ಸಂಸ್ಥೆಗಳು ಬೇಕು. ವಿಶ್ವವಿದ್ಯಾಲಯಗಳು ಅವುಗಳೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ.

ಪ್ರವೇಶದ ಪ್ರಶ್ನೆ ಉಳಿಯುತ್ತದೆ. ಸ್ನಾತಕೋತ್ತರ ಸರ್ಟಿಫಿಕೇಟ್‌ಗೆ ಪದವಿ ಬೇಕು. ತಾಲ್ಲೂಕು ಮಟ್ಟದ ಸಂಘಗಳಲ್ಲಿ ನಡಾವಳಿಯನ್ನು ಕನ್ನಡದಲ್ಲೇ ಬರೆಯುವ ಎಷ್ಟೋ ಕಾರ್ಯದರ್ಶಿಗಳು, ಖಜಾಂಚಿಗಳು ಪದವೀಧರರಲ್ಲ. ಪಠ್ಯದ ಲೆಕ್ಕದ ಭಾಗವನ್ನಾದರೂ ಅವರಿಗೆ ಕನ್ನಡದಲ್ಲಿ ಬಿಡಿಯಾಗಿ ಕಲಿಸುವ ಏರ್ಪಾಡನ್ನು ವಿಶ್ವವಿದ್ಯಾಲಯಗಳು ಪರಿಶೀಲಿಸಬೇಕಿದೆ.